ಮೈಂಡ್‌ಸೆಟ್ ಗುರುಗಳೇ, ಒಮ್ಮೆ ಮೈದಾನಕ್ಕೆ ಬನ್ನಿ

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಮೈಂಡ್‌ಸೆಟ್ ಕೋಚಿಂಗ್, ಅಂದರೆ ಮನಸ್ಥಿತಿ ತಿದ್ದಿದರೆ ಗೆಲುವು ತಾನೇ ಬರುತ್ತದೆ ಎನ್ನುವ ತರಬೇತಿಯ ಕುರಿತು ನಾನು ಎರಡೇ ಎರಡು ಮಾತು ಆಡಿದ್ದೆ. ಅದಕ್ಕೆ ಬಂದ ಪ್ರತಿಕ್ರಿಯೆಗಳಲ್ಲಿ ಒಂದು ಹೀಗಿತ್ತು: ‘ಸೋಲುವವರಿಗೆ ಇಲ್ಲದಿರುವುದು ಗೆಲ್ಲುವ ಮನಸ್ಥಿತಿ. ಅದು ನಿಮಗೂ ಇಲ್ಲ, ಆದ್ದರಿಂದಲೇ ನಿಮ್ಮ ಚಾನೆಲ್ ಬೆಳೆಯುತ್ತಿಲ್ಲ.’ ಚಾನೆಲ್ ಬೆಳೆಯುತ್ತಿಲ್ಲ ಎಂಬುದನ್ನು ಒಪ್ಪುತ್ತೇನೆ, ಉಳಿದದ್ದನ್ನು ಒಪ್ಪುವುದಿಲ್ಲ. ಇಂದಿನ ಇಡೀ ಸಂಚಿಕೆ ಆ ಮಹಾನುಭಾವರಿಗೇ ಮೀಸಲು.

ಮೊದಲು ನನ್ನ ಸಿಟ್ಟಿನ ಮೂಲ ಹೇಳಿಬಿಡುತ್ತೇನೆ. ಮಂಡ್ಯದಲ್ಲಿರುವ ನನ್ನ ಅಕ್ಕನ ಮಗಳು 200 ಮೀಟರ್ ಓಡುತ್ತಾಳೆ. ಮೈಸೂರಿನ ಹೋಟೆಲೊಂದರ ಸಭಾಂಗಣದಲ್ಲಿ ‘ಕ್ರೀಡಾಪಟುಗಳಿಗೆ ಹಾಗೂ ನಾಯಕರಿಗೆ’ ಎಂದು ಏರ್ಪಡಿಸಿದ್ದ ಎರಡು ದಿನಗಳ ಶಿಬಿರಕ್ಕೆ ಕಳೆದ ತಿಂಗಳು ನಾನೇ ದುಡ್ಡು ಕಟ್ಟಿ ಅವಳನ್ನು ಕರೆದೊಯ್ದೆ. ಎ.ಸಿ.ಯ ಚಳಿಗೆ ಅವಳು ದುಪಟ್ಟಾ ಹೊದ್ದು ಕುಳಿತಿದ್ದಳು. ಎಲ್ಲರೂ ಕಣ್ಣು ಮುಚ್ಚಿ, ಪದಕ ಕೊರಳಿಗೆ ಬೀಳುವುದನ್ನು ಕಲ್ಪಿಸಿಕೊಂಡದ್ದಾಯಿತು. ಆಮೇಲೆ ಅವಳು ಕೈಯೆತ್ತಿ, ‘ಸರ್, ಸ್ಟಾರ್ಟಿಂಗ್ ಬ್ಲಾಕ್‌ನಲ್ಲಿ ಕಾಲು ಜಾರಿದರೆ ಮುಂದೆ ಏನು ಮಾಡಬೇಕು?’ ಎಂದು ಕೇಳಿದಳು. ಮಣ್ಣಿನ ಟ್ರ್ಯಾಕಿನಲ್ಲಿ ಓಡಿ ಬೆಳೆದು, ಓಟ ಶುರುವಾಗುವಾಗ ಪಾದ ಒತ್ತಿ ಚಿಮ್ಮುವ ಬ್ಲಾಕ್ ಎಂಬ ವಸ್ತುವನ್ನು ದೊಡ್ಡ ಪಂದ್ಯದಲ್ಲೇ ಮೊದಲ ಸಲ ಕಂಡವಳಿಗೆ ಅದು ಬಹಳ ದಿನದಿಂದ ಕಾಡುತ್ತಿದ್ದ ಪ್ರಶ್ನೆ. ಗುರುಗಳು ನಕ್ಕು, ‘ಜಾರುತ್ತದೆ ಎಂದು ಯೋಚಿಸುವುದೇ ನಿನ್ನ ಸಮಸ್ಯೆ’ ಎಂದರು. ಸಭೆ ಚಪ್ಪಾಳೆ ತಟ್ಟಿತು. ಹುಡುಗಿ ಕೈ ಇಳಿಸಿದಳು, ಮತ್ತೆ ಎರಡು ದಿನವೂ ಎತ್ತಲಿಲ್ಲ.

ನಾನು ಹೇಳುವುದು ಇಷ್ಟೇ: ಆಟಗಾರರ ಮನಸ್ಸು ಹದಗೊಳ್ಳುವುದು ಆಟ ನಡೆಯುವ ಜಾಗದಲ್ಲಿ, ಸಭಾಂಗಣದಲ್ಲಲ್ಲ.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಬಟರ್‌ಫ್ಲೈ ಫೈನಲ್‌ಗೆ ಧುಮುಕಿದ ಅಮೆರಿಕದ ಈಜುಗಾರ ಮೈಕಲ್ ಫೆಲ್ಪ್ಸ್ ಅವರ ಈಜುಗನ್ನಡಕದೊಳಗೆ ನೀರು ತುಂಬಿಕೊಂಡು, ಕೊನೆಯ ಹೊತ್ತಿಗೆ ಅವರಿಗೆ ಕೊಳದ ಗೋಡೆಯೂ ಕಾಣದಂತಾಯಿತು. ಅವರು ತೋಳು ಬೀಸಿದ್ದನ್ನು ಎಣಿಸುತ್ತ ಈಜಿ, 1 ನಿಮಿಷ 52.03 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ವಿಶ್ವದಾಖಲೆ ಬರೆದರು. ‘ನೀರು ತುಂಬುತ್ತದೆ ಎಂದು ಯೋಚಿಸಬೇಡ’ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದಕ್ಕೂ ಮುಂಚೆ ಒಂದು ಸ್ಪರ್ಧೆಯಲ್ಲಿ ಅವರ ತರಬೇತುದಾರ ಬಾಬ್ ಬೌಮನ್ ಬೇಕೆಂದೇ ಆ ಕನ್ನಡಕವನ್ನು ಕಾಲಿನಿಂದ ತುಳಿದು ಬಿರುಕು ಬಿಡಿಸಿ, ಅದರಲ್ಲೇ ಈಜಿಸಿದ್ದರು. ಕನ್ನಡಕ ತುಳಿಯಲು ಕೊಳದ ಬಳಿಗೆ ಹೋಗಬೇಕು, ಸ್ವಾಮಿ.

ಮೈಸೂರಿನ ಗರಡಿಗಳಿಗೆ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಅಲ್ಲಿ ಸೇರಿದ ಹುಡುಗ ಮೊದಲು ಗುದ್ದಲಿ ಹಿಡಿದು ಮಟ್ಟಿಯ ಕೆಮ್ಮಣ್ಣು ಅಗೆಯುತ್ತಾನೆ, ದಂಡ ಬಸ್ಕಿ ಹೊಡೆಯುತ್ತಾನೆ, ತನಗಿಂತ ಬಲವಾದವನ ಕೈಯಲ್ಲಿ ಬೆನ್ನು ಮಣ್ಣಾಗಿಸಿಕೊಂಡು ಮತ್ತೆ ಏಳುತ್ತಾನೆ. ದಸರಾ ಕುಸ್ತಿಗೆ ಜೋಡಿ ಕಟ್ಟುವ ಹೊತ್ತಿಗೆ ಅವನ ಅಂಜಿಕೆ ಎಲ್ಲಿದೆ ಎಂಬುದು ಉಸ್ತಾದರಿಗೆ ಅವನ ಹೆಜ್ಜೆಯಲ್ಲೇ ಗೊತ್ತಾಗಿರುತ್ತದೆ. ಅವರ ಬಳಿ ಸ್ಲೈಡ್‌ಗಳಿರುವುದಿಲ್ಲ.

‘ಹಾಗಾದರೆ ಪ್ಯಾಡಿ ಅಪ್ಟನ್?’ ಎಂದು ನೀವು ಕೇಳುತ್ತೀರಿ, ಗೊತ್ತು. 2011ರ ವಿಶ್ವಕಪ್ ಗೆದ್ದ ಭಾರತ ತಂಡದ ಜೊತೆಗೂ, 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚೆಸ್ ಚಾಂಪಿಯನ್ ಆದ ಗುಕೇಶ್ ಜೊತೆಗೂ ಮನಸ್ಸಿನ ತರಬೇತುದಾರರಾಗಿ ಅವರಿದ್ದರು. ನಿಜ. ಆದರೆ ಅವರು ಮೊದಲು ದಕ್ಷಿಣ ಆಫ್ರಿಕಾ ಕ್ರಿಕೆಟ್ ತಂಡದ ಫಿಟ್‌ನೆಸ್ ತರಬೇತುದಾರರಾಗಿದ್ದವರು, ಮೈದಾನದ ಬೆವರು ಕಂಡವರು. ಅವರಿಗೆ ಚೆಸ್ ಎಷ್ಟು ಬರುತ್ತಿತ್ತು ಎಂದು ಮಾತ್ರ ಕೇಳಬೇಡಿ, ಅದು ನನ್ನ ವಾದಕ್ಕೆ ಅನುಕೂಲವಾದ ಪ್ರಶ್ನೆಯಲ್ಲ.

ಇನ್ನೊಬ್ಬರು ಪ್ರತಿಕ್ರಿಯೆಯಲ್ಲಿ ‘ಮೈಂಡ್‌ಸೆಟ್‌ಗೆ ವಿಜ್ಞಾನದ ಆಧಾರವಿದೆ’ ಎಂದು ವಿಜ್ಞಾನ ತಂದಿದ್ದಾರೆ. ಮೈಂಡ್‌ಸೆಟ್ ಎಂಬ ಪದವನ್ನು ಮನೆಮಾತಾಗಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾರೊಲ್ ಡ್ವೆಕ್, ಮತ್ತು ಅವರ ಸಂಶೋಧನೆಯ ಬಹುಪಾಲು ಶಾಲಾಮಕ್ಕಳ ಕಲಿಕೆಯ ಬಗ್ಗೆ. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಮಕ್ಕಳ ಅಂಕಗಳ ಮೇಲೆ ಇಂಥ ತರಬೇತಿಯ ಪರಿಣಾಮ ಒಟ್ಟಾರೆ ಅತ್ಯಲ್ಪ ಎಂದು ಕಂಡುಕೊಂಡಿತು. ವಿಜ್ಞಾನ ಅಷ್ಟಕ್ಕೇ ನಿಂತರೂ ಶಿಬಿರದ ಶುಲ್ಕ ನಿಲ್ಲಲಿಲ್ಲ.

ನಾಯಕರ ವಿಷಯಕ್ಕೆ ಬರೋಣ, ಏಕೆಂದರೆ ಅದೇ ಸ್ಲೈಡನ್ನು ಅವರಿಗೂ ತೋರಿಸಿದರು. ನಮ್ಮ ಕಡೆಯ ಯಾವುದೇ ಹಳ್ಳಿಯ ಡೈರಿಗೆ ಬೆಳಿಗ್ಗೆ ಆರು ಗಂಟೆಗೆ ಹೋಗಿ ನಿಲ್ಲಿ. ಕ್ಯಾನು ಹಿಡಿದ ಸಾಲು ಬಾಗಿಲಾಚೆ ಹೋಗಿರುತ್ತದೆ, ಕಾರ್ಯದರ್ಶಿ ಹಾಲಿನ ಮಾದರಿಯನ್ನು ಯಂತ್ರಕ್ಕೆ ಇಟ್ಟು, ತನಗಿಂತ ಇಪ್ಪತ್ತು ವರ್ಷ ಹಿರಿಯರಾದವರಿಗೆ ಎಲ್ಲರೆದುರು ‘ಫ್ಯಾಟ್ ಕಡಿಮೆ ಬಂದಿದೆ, ದೊಡ್ಡಪ್ಪ’ ಎಂದು ಹೇಳಬೇಕು. ದೊಡ್ಡಪ್ಪ ಯಂತ್ರವನ್ನು ಬೈಯುತ್ತಾರೆ, ಆಮೇಲೆ ಕಾರ್ಯದರ್ಶಿಯ ಮನೆತನವನ್ನು ಬೈಯುತ್ತಾರೆ, ಸಂಜೆ ಮತ್ತೆ ಹಾಲು ತರುತ್ತಾರೆ. ನಾಯಕತ್ವದ ಮೈದಾನ ಅದು. ಅಲ್ಲಿ ಕಣ್ಣು ಮುಚ್ಚಿದರೆ ಹಾಲು ಚೆಲ್ಲುತ್ತದೆ.

ಮನಸ್ಸಿನ ಅಧ್ಯಯನವನ್ನೇ ನಾನು ಹಳಿಯುತ್ತಿದ್ದೇನೆ ಎಂದು ದಯವಿಟ್ಟು ಬರೆಯಬೇಡಿ. ನಮ್ಮ ಮಹಾರಾಜ ಕಾಲೇಜಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಅದೇ ಪ್ರಾಧ್ಯಾಪಕರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನ ಖಾಸಗಿ ರೇಡಿಯೊ ಕೇಂದ್ರ ಆರಂಭಿಸಿದರು, ಆದ್ದರಿಂದ ಮನೆಯ ಹಿಂದಿನ ಕೋಣೆಯಿಂದ ಮಾತಾಡುವ ನನ್ನಂಥವರಿಗೆಲ್ಲ ಅವರೇ ಮೂಲಪುರುಷರು. ಅವರು ಪ್ರಯೋಗಾಲಯ ಇಟ್ಟುಕೊಂಡಿದ್ದರು. ನಮ್ಮ ಶಿಬಿರದ ಗುರುಗಳು ಇಟ್ಟುಕೊಂಡಿದ್ದು ಕಾಲರ್ ಮೈಕ್ ಒಂದನ್ನೇ.

ಮತ್ತೆ ಹೇಳುತ್ತೇನೆ, ಬೇಕಾದರೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ: ಮೈದಾನಕ್ಕೆ ಬರದವರು ಆಟಗಾರರ ಮನಸ್ಸಿನ ಮಾತು ಆಡಕೂಡದು. ಸ್ಪೈಕ್ ಶೂಗಳ ಮೊಳೆ ಸವೆದಿದೆಯೇ ಎಂದು ನೋಡದವರು ಹುಡುಗಿಯ ಆತ್ಮವಿಶ್ವಾಸ ಸವೆದಿದೆ ಎಂದು ಘೋಷಿಸಕೂಡದು. ಕಾರಣ ಕೇಳುತ್ತೀರಾ? ಕಾರಣಗಳನ್ನೆಲ್ಲ ಮೇಲೆಯೇ ಹೇಳಿ ಮುಗಿಸಿದ್ದೇನೆ, ಈಗ ಉಳಿದಿರುವುದು ಸಿಟ್ಟು ಮಾತ್ರ.

ಅಕ್ಕನ ಮಗಳಿಗೆ ಈಗ ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಅವಳ ಹಳೆಯ ಪಿ.ಟಿ. ಮೇಷ್ಟ್ರೇ ಅಭ್ಯಾಸ ಮಾಡಿಸುತ್ತಿದ್ದಾರೆ. ಅವರು ಬ್ಲಾಕನ್ನು ಬೇಕೆಂದೇ ಸ್ವಲ್ಪ ಸಡಿಲ ಬಿಟ್ಟು, ‘ಸೆಟ್’ ಎಂದ ಮೇಲೆ ಒಮ್ಮೆ ಬೇಗ, ಒಮ್ಮೆ ತಡವಾಗಿ ಓಡು ಎಂಬ ಸಂಕೇತಕ್ಕೆ ಚಪ್ಪಾಳೆ ತಟ್ಟುತ್ತಾರೆ. ಕಳೆದ ಭಾನುವಾರ ಅವಳು ಏಳು ಸಲ ಜಾರಿ, ಏಳು ಸಲವೂ ಓಟ ಮುಗಿಸಿದಳು. ಪ್ರತಿಕ್ರಿಯೆ ಬರೆದ ಮಹಾನುಭಾವರು ಈ ಭಾನುವಾರ ಬೆಳಿಗ್ಗೆ ಐದೂವರೆಗೆ ಅಲ್ಲಿಗೆ ಬರಬಹುದು. ನೀರು ನೀವೇ ತನ್ನಿ, ಬರುವ ಮುನ್ನ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ ಬನ್ನಿ.