ಗ್ಯಾಸ್ ಗ್ರಿಲ್ ಶುಚಿಗೊಳಿಸುವಾಗ ಬಗ್ಗಿ ನೋಡಬೇಕಾದ ಜಾಗಗಳು

(ದೃಶ್ಯ: ಕೈಯಲ್ಲಿ ಉದ್ದನೆಯ ಬರ್ನರ್ ಕೊಳವೆ. ಅದರ ಬಾಯಿಂದ ಸಪೂರ ಬ್ರಷ್ ಹೊರಬರುತ್ತದೆ. ತುದಿಯಲ್ಲಿ ಬಿಳಿ ಎಳೆಗಳು ಸುತ್ತಿಕೊಂಡಿವೆ.)

ನಮಸ್ಕಾರ. ಬ್ರಷ್ಷಿಗೆ ಅಂಟಿರುವುದು ಹತ್ತಿಯಂತೆ ಕಾಣುತ್ತದೆ, ಆದರೆ ಇದು ಜೇಡರ ಬಲೆ. ಕೆಲವು ತಿಂಗಳು ಹೊದಿಕೆ ಹಾಕಿ ನಿಲ್ಲಿಸಿದ್ದ ನನ್ನ ಗ್ರಿಲ್ಲಿನ ಬರ್ನರ್‌ನಿಂದ ಈಗಷ್ಟೇ ತೆಗೆದೆ. ಹೊರಗಿನಿಂದ ನೋಡಿದರೆ ಗ್ರಿಲ್ ಫಳಫಳ ಹೊಳೆಯುತ್ತಿತ್ತು. ಸರಳುಗಳನ್ನು ಉಜ್ಜಿದರೆ ಕೆಲಸ ಮುಗಿಯಿತು ಎಂದು ಎಷ್ಟೋ ಮಂದಿ ತಿಳಿದಿರುತ್ತಾರೆ. ಅಪಾಯ ಅಡಗಿರುವುದು ನಾವು ಬಗ್ಗಿ ನೋಡದ ಕಡೆ. ಇಂದು ಅಲ್ಲಿಗೇ ಕ್ಯಾಮೆರಾ ಒಯ್ಯುತ್ತೇನೆ.

ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಿ, ನಾಬ್‌ಗಳನ್ನೆಲ್ಲ ಆಫ್ ಮಾಡಿ, ಗ್ರಿಲ್ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಸಿಲಿಂಡರನ್ನು ಕಳಚಿ, ನೆಟ್ಟಗೆ ನಿಲ್ಲುವಂತೆ ಬಯಲಿನಲ್ಲೇ ಇಡಿ. ಮನೆಯೊಳಗೆ ಒಯ್ಯಬೇಡಿ.

ಸರಳುಗಳ ಮಾತು ಬೇಗ ಮುಗಿಸುತ್ತೇನೆ: ಸೋಪು ಬೆರೆಸಿದ ಬಿಸಿನೀರಿನಲ್ಲಿ ನೆನೆಸಿಟ್ಟು ಉಜ್ಜಿದರೆ ಸಾಕು. ತಂತಿ ಬ್ರಷ್ ಬಳಸುವವರಿಗೆ ಒಂದು ಕಳಕಳಿಯ ಮಾತು. ಅದರ ಎಳೆ ಮುರಿದು ಸರಳಿಗೆ ಅಂಟಿ, ಆಹಾರದೊಂದಿಗೆ ಗಂಟಲಿಗೆ ಚುಚ್ಚಿಕೊಂಡು ಆಸ್ಪತ್ರೆ ಸೇರಿದವರಿದ್ದಾರೆ. ನೈಲಾನ್ ಬ್ರಷ್ಷನ್ನು ತಣ್ಣಗಿರುವಾಗ ಬಳಸಿ. ತಂತಿಯದೇ ಬೇಕೆಂದರೆ ಕೊನೆಗೆ ಒದ್ದೆ ಬಟ್ಟೆಯಿಂದ ಒಂದೊಂದು ಸರಳನ್ನೂ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ.

(ದೃಶ್ಯ: ಕೆಳಗಿನ ತಟ್ಟೆಯನ್ನು ಹೊರಗೆಳೆಯುವುದು. ಕಪ್ಪಗೆ ಹೆಪ್ಪುಗಟ್ಟಿದ ಜಿಡ್ಡು.)

ಇದು ಜಿಡ್ಡಿನ ತಟ್ಟೆ. ಇಷ್ಟು ದಪ್ಪ ಪದರ ಕಟ್ಟಿದರೆ ಇದು ಉರುವಲೇ ಸರಿ. ಕೆರೆದು ತೆಗೆದು, ಸೋಪಿನ ನೀರಿನಲ್ಲಿ ತೊಳೆಯಿರಿ. ಜಿಡ್ಡಿಗೆ ಬೆಂಕಿ ತಗುಲಿದರೆ ನೀರು ಸುರಿಯಲೇಬೇಡಿ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ನಿಮ್ಮ ಮೇಲೆಯೇ ಎರಚುತ್ತದೆ. ಬರ್ನರ್ ಆಫ್ ಮಾಡಿ, ಮುಚ್ಚಳ ಹಾಕಿ. ಕೈಗೆ ಬೆಂಕಿ ತಾಗದಂತೆ ಎಟುಕಿದರೆ ಮಾತ್ರ ಸಿಲಿಂಡರ್ ಮುಚ್ಚಿ. ಆರದಿದ್ದರೆ ದೂರ ಸರಿದು ಅಗ್ನಿಶಾಮಕ ದಳವನ್ನು ಕರೆಯಿರಿ.

ಈಗ ಆ ಕೊಳವೆಗೆ ಬರುತ್ತೇನೆ. ನಾಬ್ ಹಿಂದಿನ ಸಣ್ಣ ಜೆಟ್‌ನಿಂದ ಗ್ಯಾಸ್ ರಭಸವಾಗಿ ಚಿಮ್ಮಿ ಕೊಳವೆಯೊಳಗೆ ನುಗ್ಗುತ್ತದೆ. ನುಗ್ಗುವಾಗ ಅಕ್ಕಪಕ್ಕದ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಎರಡೂ ಬೆರೆತು ಮೇಲಿನ ರಂಧ್ರಗಳಲ್ಲಿ ಉರಿಯುತ್ತವೆ. ದಾರಿಯಲ್ಲಿ ಬಲೆಯೋ ಕೀಟದ ಗೂಡೋ ಅಡ್ಡ ಬಂದರೆ ಗ್ಯಾಸ್ ಮುಂದೆ ಹೋಗಲಾಗದೆ ಹಿಂದಕ್ಕೆ ತಿರುಗಿ, ನಾಬ್‌ಗಳ ಹಿಂದೆಯೇ ಹೊತ್ತಿಕೊಳ್ಳಬಹುದು. ನಿಮ್ಮ ಕೈ ಇರುವುದು ಅಲ್ಲಿಯೇ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬ್ರಷ್ಷನ್ನು ಕೊಳವೆಯ ಈ ತುದಿಯಿಂದ ಆ ತುದಿಗೆ ಹಾಯಿಸಿ. ರಂಧ್ರಗಳ ಮೇಲೆ ಉಜ್ಜುವಾಗ ಕೊಳವೆಗೆ ಅಡ್ಡಡ್ಡವಾಗಿ ಉಜ್ಜಿ; ಉದ್ದಕ್ಕೆ ಎಳೆದರೆ ಕಸ ರಂಧ್ರದೊಳಗೆ ಸೇರುತ್ತದೆ. ಕಟ್ಟಿಕೊಂಡ ರಂಧ್ರವನ್ನು ತೆಳು ತಂತಿಯಿಂದ ಬಿಡಿಸಿ, ಅಗಲ ಮಾಡಬೇಡಿ. ಮತ್ತೆ ಜೋಡಿಸುವಾಗ ಕೊಳವೆಯ ಬಾಯಿ ಜೆಟ್‌ನ ಮೇಲೆ ಸರಿಯಾಗಿ ಕೂತಿರಬೇಕು. ಇದನ್ನು ಟಾರ್ಚ್ ಹಾಕಿ ಕಣ್ಣಾರೆ ನೋಡಿ. ತುಕ್ಕು ತಿಂದು ತೂತಾದ ಬರ್ನರ್ ಇದ್ದರೆ ಹೊಸದನ್ನೇ ಹಾಕಿ.

(ದೃಶ್ಯ: ಬಟ್ಟಲಿನಲ್ಲಿ ಸೋಪಿನ ನೀರು, ಪಕ್ಕದಲ್ಲಿ ಬಣ್ಣ ಹಚ್ಚುವ ಬ್ರಷ್.)

ಇನ್ನು ಸೋರಿಕೆಯ ಪರೀಕ್ಷೆ. ಎಲ್‌ಪಿಜಿಗೆ ತನ್ನದೇ ಆದ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲೆಂದು ನಾರುವ ರಾಸಾಯನಿಕ ಬೆರೆಸಿರುತ್ತಾರೆ. ಆದರೆ ಬಯಲಿನ ಗಾಳಿ ಆ ವಾಸನೆಯನ್ನು ಹೊತ್ತೊಯ್ಯುತ್ತದೆ. ಹಾಗಾಗಿ ಮೂಗನ್ನಷ್ಟೇ ನಂಬಬೇಡಿ. ಪಾತ್ರೆ ತೊಳೆಯುವ ಸೋಪಿನ ದ್ರವ ಮತ್ತು ನೀರನ್ನು ಸಮ ಪ್ರಮಾಣದಲ್ಲಿ ಬೆರೆಸಿ. ಸಿಲಿಂಡರ್ ಜೋಡಿಸಿ, ಬರ್ನರ್ ನಾಬ್‌ಗಳು ಆಫ್ ಇರುವಾಗಲೇ ವಾಲ್ವನ್ನು ನಿಧಾನವಾಗಿ ತೆರೆಯಿರಿ. ವಾಲ್ವ್, ರೆಗ್ಯುಲೇಟರ್, ಪೈಪಿನ ಎರಡೂ ತುದಿಗಳಿಗೆ ಈ ನೀರು ಹಚ್ಚಿ ತಾಳ್ಮೆಯಿಂದ ನೋಡಿ.

(ದೃಶ್ಯ: ಪೈಪಿನ ಜೋಡಣೆಯ ಮೇಲೆ ಸಾಸಿವೆಯಷ್ಟು ಗುಳ್ಳೆ ಎದ್ದು, ಉಬ್ಬಿ, ಒಡೆದು, ಮತ್ತೆ ಏಳುತ್ತದೆ.)

ಹೀಗೆ ಗುಳ್ಳೆ ಎದ್ದರೆ ಸೋರಿಕೆ ಇದೆ ಎಂದೇ ಅರ್ಥ. ವಾಲ್ವ್ ಮುಚ್ಚಿ, ಜೋಡಣೆಯನ್ನು ಬಿಗಿ ಮಾಡಿ, ಮತ್ತೆ ಸೋಪಿನ ನೀರು ಹಚ್ಚಿ. ಗುಳ್ಳೆ ನಿಲ್ಲದಿದ್ದರೆ ಹೊತ್ತಿಸಬೇಡಿ, ತಿಳಿದವರಿಗೆ ತೋರಿಸಿ. ಬಿರುಕು ಬಿಟ್ಟ ಪೈಪಿಗೆ ಟೇಪ್ ಸುತ್ತುವುದು ಬೇಡ, ಪೈಪನ್ನೇ ಬದಲಿಸಿ. ಬೆಂಕಿಕಡ್ಡಿ ಹಿಡಿದು ಸೋರಿಕೆ ಹುಡುಕುವ ಸಾಹಸವಂತೂ ಯಾರೂ ಮಾಡಬಾರದು.

ಹೊತ್ತಿಸುವಾಗ ಮುಚ್ಚಳ ತೆರೆದೇ ಇರಲಿ. ಈ ಗ್ಯಾಸ್ ಗಾಳಿಗಿಂತ ಭಾರ, ಮುಚ್ಚಿದ ಗ್ರಿಲ್ಲಿನೊಳಗೆ ತುಂಬಿಕೊಂಡರೆ ಒಂದೇ ಕಿಡಿಗೆ ಸಿಡಿಯುತ್ತದೆ. ಕೆಲವು ಸೆಕೆಂಡುಗಳಲ್ಲಿ ಹತ್ತದಿದ್ದರೆ ಆಫ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ.

(ದೃಶ್ಯ: ಬರ್ನರ್ ಹೊತ್ತಿಕೊಳ್ಳುತ್ತದೆ. ಸಾಲಾಗಿ ನೀಲಿ ಜ್ವಾಲೆ.)

ತುದಿಯಲ್ಲಿ ಚೂರು ಹಳದಿ ಇದ್ದರೆ ಚಿಂತೆಯಿಲ್ಲ, ಉಳಿದದ್ದು ಹೀಗೆ ನೀಲಿಯಾಗಿರಬೇಕು. ಆದರೆ ಎಡಗಡೆಯ ಕೊನೆಯನ್ನು ನೋಡಿ: ನಾಲ್ಕೈದು ರಂಧ್ರಗಳಲ್ಲಿ ಹಳದಿ ಜ್ವಾಲೆ ಸೋಮಾರಿಯಾಗಿ ತೂಗುತ್ತಿದೆ. ಒಳಗೆ ಇನ್ನೂ ಏನೋ ಉಳಿದಿದೆ. ಆರಿಸುತ್ತೇನೆ, ತಣ್ಣಗಾದ ಮೇಲೆ ಮತ್ತೆ ಕಳಚುತ್ತೇನೆ.