ಹೊರರಾಜ್ಯದ ಯೂನಿವರ್ಸಿಟಿಲಿ ನಮ್ಮ ಮಗುಗೆ ಸೀಟು ಸಿಗತ್ತಾ? ಅಮೆರಿಕದ ನ್ಯೂಜೆರ್ಸಿಯ ಕನ್ನಡ ಕೂಟದಲ್ಲಿ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ಮಕ್ಕಳು ಪಕ್ಕದ ರೂಮಲ್ಲಿ ನಾಟಕದ ಪ್ರಾಕ್ಟೀಸ್ ಮಾಡ್ತಿದಾರೆ, ಅವ್ರು ಮುಗಿಸಿ ಬರೋಷ್ಟರಲ್ಲಿ ದೊಡ್ಡವರ ಹತ್ರ ಮಾತ್ರ ಒಂದು ವಿಷಯ ಮಾತಾಡ್ಬೇಕು ಅಂತ ಕಮಿಟಿಯವರನ್ನ ಅರ್ಧ ಗಂಟೆ ಕೇಳ್ಕೊಂಡೆ, ಕೊಟ್ರು, ಥ್ಯಾಂಕ್ಸ್.

ಪ್ರತಿ ಸೆಪ್ಟೆಂಬರ್‌ನಲ್ಲಿ ನಂಗೆ ಬರೋ ಫೋನು ಒಂದೇ ಥರ ಇರತ್ತೆ. "ನಮ್ಮವನಿಗೆ ಜಿಪಿಎ ಇಷ್ಟು, ಎಸ್‌ಎಟಿ ಇಷ್ಟು, ಜಾರ್ಜಿಯಾ ಟೆಕ್ ಸಿಗತ್ತಾ, ಮಿಶಿಗನ್ ಸಿಗತ್ತಾ, ಪರ್ಸೆಂಟ್ ಎಷ್ಟು ಹೇಳಿ." ಜಿಪಿಎ ಅಂದ್ರೆ ಹೈಸ್ಕೂಲ್ ಗ್ರೇಡುಗಳ ಸರಾಸರಿ, ಎಸ್‌ಎಟಿ ಅಂದ್ರೆ ಕಾಲೇಜು ಸೇರೋಕೆ ಬರೆಯೋ ಪರೀಕ್ಷೆ, ಜಾರ್ಜಿಯಾ ಟೆಕ್, ಮಿಶಿಗನ್ ಎರಡೂ ಬೇರೆ ರಾಜ್ಯದ ಸ್ಟೇಟ್ ಯೂನಿವರ್ಸಿಟಿಗಳು. ಈ ಪ್ರಶ್ನೆ ಎಲ್ಲಿಂದ ಬರತ್ತೆ ಅಂತ ನಂಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ನಾವೆಲ್ಲ ಸಿಇಟಿ ಬರೆದು ಬಂದವರು. ಅಲ್ಲಿ ರ‍್ಯಾಂಕ್ ಬಂತು ಅಂದ್ರೆ ಹೋದ ವರ್ಷ ಆ ಕಾಲೇಜಲ್ಲಿ ಆ ಬ್ರಾಂಚ್ ಎಷ್ಟಕ್ಕೆ ಕ್ಲೋಸ್ ಆಯ್ತು ನೋಡ್ತಿದ್ವಿ, ನಮ್ಮ ರ‍್ಯಾಂಕ್ ಅದರೊಳಗಿದ್ರೆ ಆಯ್ತು, ರಾತ್ರಿ ನಿದ್ದೆ ಬರ್ತಿತ್ತು. ಹೊರರಾಜ್ಯ ಅನ್ನೋದೂ ನಮಗೆ ಹೊಸದಲ್ಲ. ಸುರತ್ಕಲ್ ಎನ್‌ಐಟಿಲಿ ಅರ್ಧ ಸೀಟು ಕರ್ನಾಟಕದವರಿಗೆ, ಅರ್ಧ ಹೊರಗಿನವರಿಗೆ, ಎರಡಕ್ಕೂ ಕ್ಲೋಸಿಂಗ್ ರ‍್ಯಾಂಕ್ ಬೇರೆ ಬೇರೆ, ಎರಡೂ ಎಲ್ಲರಿಗೂ ಕಾಣೋ ಹಾಗೆ ಹಾಕ್ತಾರೆ. ಆ ಅಭ್ಯಾಸದಲ್ಲೇ ಇಲ್ಲಿಗೂ ಬಂದು ಕಟಾಫ್ ಹುಡುಕ್ತೀವಿ. ಇಲ್ಲಿ ಕಟಾಫ್ ಇಲ್ಲ. ಇರೋದು ಸೀಟಿನ ಲೆಕ್ಕ ಮಾತ್ರ, ಆಮೇಲೆ ಒಂದಿಷ್ಟು ಅಂದಾಜು. ಆ ಅಂದಾಜನ್ನ ಹೇಗೆ ಮಾಡ್ಬೇಕು, ಎಲ್ಲಿ ನಿಲ್ಲಿಸ್ಬೇಕು, ಅಷ್ಟೇ ಇವತ್ತು ಹೇಳೋಕೆ ಬಂದಿರೋದು.

ಮೊದಲು ಸೀಟು. ಸ್ಟೇಟ್ ಯೂನಿವರ್ಸಿಟಿ ಅಂದ್ರೆ ಆ ರಾಜ್ಯದವರ ತೆರಿಗೆ ದುಡ್ಡಲ್ಲಿ ಬೆಳೆದಿದ್ದು, ಹಾಗಾಗಿ ಆ ರಾಜ್ಯದವರು ನಮ್ಮ ಮಕ್ಕಳಿಗೆ ಮೊದಲು ಕೊಡಿ ಅಂತ ಕೇಳ್ತಾರೆ, ಅದು ನ್ಯಾಯವೇ. ನಾರ್ತ್ ಕ್ಯಾರೊಲಿನಾದವರು 1986ರಲ್ಲೇ ಹೊರಗಿನ ಮಕ್ಕಳು ಹೊಸ ಕ್ಲಾಸಲ್ಲಿ 18% ದಾಟಬಾರ್ದು ಅಂತ ರೂಲ್ ಮಾಡಿದ್ರು, ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯ ಚಾಪೆಲ್ ಹಿಲ್ ಕ್ಯಾಂಪಸ್ ದಶಕಗಟ್ಟಲೆ ಅದೇ ರೂಲಿನ ಕೆಳಗೆ ನಡೀತು. ಟೆಕ್ಸಸ್‌ನಲ್ಲಿ ಕಾನೂನೇ ಇದೆ, ಆಸ್ಟಿನ್‌ನಲ್ಲಿರೋ ಟೆಕ್ಸಸ್ ಯೂನಿವರ್ಸಿಟಿಗೆ ಸೇರೋ ಹೊಸಬರಲ್ಲಿ ನೂರಕ್ಕೆ 90 ಜನ ಟೆಕ್ಸಸ್‌ನವರೇ ಆಗಿರ್ಬೇಕು. ಉಳಿದ ಹತ್ತರಲ್ಲಿ ನ್ಯೂಜೆರ್ಸಿಯ ನಾವು, ಉಳಿದ ಎಲ್ಲ ರಾಜ್ಯದವರು, ಅದರ ಮೇಲೆ ಹೊರದೇಶದವರು, ಎಲ್ಲರೂ ಸೇರ್ಕೊಂಡು ಹಂಚ್ಕೋಬೇಕು. ಕ್ಯಾಲಿಫೋರ್ನಿಯಾದಲ್ಲಿ 2017ರಲ್ಲಿ ಯುಸಿ, ಅಂದ್ರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆಡಳಿತ ಮಂಡಳಿ ಹೊರಗಿನವರಿಗೆ 18% ಮಿತಿ ಹಾಕ್ತು, ಅದರ ಕ್ಯಾಂಪಸ್‌ಗಳಾದ ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೊ ಆಗ್ಲೇ ಅದಕ್ಕಿಂತ ಮೇಲಿದ್ವು, ಆಮೇಲೆ ರಾಜ್ಯ ಸರ್ಕಾರ ದುಡ್ಡು ಕೊಡ್ತೀವಿ ಅವನ್ನೂ 18ಕ್ಕೆ ಇಳಿಸಿ ಅಂತ ಹೇಳ್ತು. ಯುವಿಎ, ಅಂದ್ರೆ ಯೂನಿವರ್ಸಿಟಿ ಆಫ್ ವರ್ಜೀನಿಯಾ, ಮೂರರಲ್ಲಿ ಎರಡು ಭಾಗ ತನ್ನ ರಾಜ್ಯದವರಿಗೆ ಇಡತ್ತೆ. ಮಿಶಿಗನ್‌ಗೆ ಇಂಥ ಕಾನೂನಿನ ಮಿತಿ ಇಲ್ಲ, ಅಲ್ಲಿ ಹೆಚ್ಚೂಕಮ್ಮಿ ಅರ್ಧ ಜನ ಹೊರಗಿನವರೇ, ಆದ್ರೆ ಅರ್ಜಿಗಳು ಒಂದು ಲಕ್ಷದ ಲೆಕ್ಕದಲ್ಲಿ ಬರ್ತಾವೆ.

ಈಗ ಇದನ್ನ ಹೇಗೆ ಲೆಕ್ಕ ಹಾಕೋದು ಅಂತ ನೋಡೋಣ, ಇಲ್ಲೇ ತುಂಬ ಜನ ತಪ್ಪೋದು. 18% ಅಂದ್ರೆ ನಮ್ಮ ಮಗುಗೆ 18% ಚಾನ್ಸ್ ಅಂತ ಅಲ್ಲ! ಅದು ಕೊನೆಗೆ ಬಂದು ಸೇರೋರ ಲೆಕ್ಕ. ಲೆಕ್ಕ ಸುಲಭ ಆಗ್ಲಿ ಅಂತ ನಾನೇ ಒಂದು ಸಂಖ್ಯೆ ಇಟ್ಕೊಳ್ತೀನಿ, ಇದು ಯಾವ ಯೂನಿವರ್ಸಿಟಿದೂ ಅಲ್ಲ. ಕ್ಲಾಸಿಗೆ 5,000 ಸೀಟು, ಅದರಲ್ಲಿ 18% ಅಂದ್ರೆ 900. ಆಫರ್ ಸಿಕ್ಕಿದ ಹೊರಗಿನ ಮಕ್ಕಳಲ್ಲಿ ಮೂರಕ್ಕೆ ಒಬ್ರು ಬರ್ತಾರೆ ಅಂತ ಅವ್ರಿಗೆ ಅನುಭವದಿಂದ ಗೊತ್ತಿದ್ರೆ 2,700 ಆಫರ್ ಕೊಡ್ತಾರೆ. ಹೊರಗಿಂದ ಅರ್ಜಿ 40,000 ಬಂದಿದ್ರೆ 2,700ನ 40,000ದಿಂದ ಭಾಗಿಸಿ, ಸುಮಾರು 7%. ಹೊರಗಿನವರಿಗೆ ಸಿಗೋ ದರ ಅದು. ನಿಜವಾದ ಜಾಗಗಳಲ್ಲೂ ಅಂತರ ಹೀಗೇ ಇದೆ, ಜಾರ್ಜಿಯಾ ಟೆಕ್‌ನಲ್ಲಿ ಈಚಿನ ವರ್ಷಗಳಲ್ಲಿ ರಾಜ್ಯದೊಳಗಿನ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಸಿಕ್ಕಿದ್ರೆ ಹೊರಗಿನವರಲ್ಲಿ ಹತ್ತರಲ್ಲಿ ಒಬ್ಬರ ಆಸುಪಾಸು. ಯುವಿಎಲಿ ಒಳಗಿನವರಿಗೆ ನಾಲ್ಕರಲ್ಲಿ ಒಂದು, ಹೊರಗಿನವರಿಗೆ ಅದರ ಅರ್ಧ ಅಂದ್ಕೊಳ್ಳಿ. ಎರಡನ್ನೂ ಕೂಡಿಸಿ ಬರೆದಿರೋ ಒಟ್ಟು ದರ ನಮಗೆ ಯಾವ ಕೆಲಸಕ್ಕೂ ಬರಲ್ಲ, ಗೂಗಲ್ ಮಾಡಿದ್ರೆ ಮೊದಲು ಕಾಣೋದು ಮಾತ್ರ ಅದೇ.

ಸರಿಯಾದ ಸಂಖ್ಯೆ ಎಲ್ಲಿ ಸಿಗತ್ತೆ ಅಂದ್ರೆ ಕಾಮನ್ ಡೇಟಾ ಸೆಟ್ ಅಂತ ಒಂದು ದಾಖಲೆ ಇದೆ, ತುಂಬ ಯೂನಿವರ್ಸಿಟಿಗಳು ವರ್ಷವರ್ಷ ತಮ್ಮ ಸೈಟಲ್ಲೇ ಹಾಕ್ತಾವೆ. ಅದರಲ್ಲಿ ಸಿ1 ಅನ್ನೋ ಜಾಗದಲ್ಲಿ ಅರ್ಜಿ ಎಷ್ಟು, ಆಫರ್ ಎಷ್ಟು, ಸೇರಿದ್ದೆಷ್ಟು ಇರತ್ತೆ, ಈಚೆಗೆ ಒಳಗಿನವರು ಹೊರಗಿನವರು ಅಂತ ಬೇರೆ ಮಾಡಿನೂ ಕೇಳ್ತಾರೆ. ಸಿ7ರಲ್ಲಿ ಯಾವುದಕ್ಕೆ ಎಷ್ಟು ತೂಕ ಅನ್ನೋ ಪಟ್ಟಿ, ಅಲ್ಲಿ ರಾಜ್ಯದ ನಿವಾಸಿ ಅನ್ನೋ ಸಾಲಿನ ಎದುರು ಏನಿದೆ ನೋಡಿ. ಬಹಳ ಮುಖ್ಯ ಅಂತ ಇದ್ರೆ ಅವ್ರು ಮುಚ್ಚುಮರೆ ಇಲ್ಲದೆ ಹೇಳಿದ ಹಾಗೆ.

ಇಷ್ಟಕ್ಕೇ ಮುಗೀಲಿಲ್ಲ. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಕಂಪ್ಯೂಟರ್ ಸೈನ್ಸ್ ಅಂತಾರೆ. ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ತಗೊಳ್ಳಿ, ಒಟ್ಟಾರೆ ನೋಡಿದ್ರೆ ಹೊರಗಿನವರಿಗೂ ಅಂಥ ಕಷ್ಟದ ಜಾಗ ಅಲ್ಲ ಅನ್ಸತ್ತೆ. ಆದ್ರೆ ಅಲ್ಲಿ ಸಿಎಸ್‌ಗೆ ನೇರ ಪ್ರವೇಶ ಅಂದ್ರೆ ಆ ರಾಜ್ಯದವರಿಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ಹೊರಗಿನವರಿಗೆ ನೂರಕ್ಕೆ ಎರಡೋ ಮೂರೋ. ಒಂದೇ ಕ್ಯಾಂಪಸ್ಸು, ಅಪ್ಲಿಕೇಶನ್‌ನಲ್ಲಿ ಒಂದು ಪೆಟ್ಟಿಗೆ ಟಿಕ್ ಮಾಡೋದ್ರಲ್ಲಿ ಅಷ್ಟು ವ್ಯತ್ಯಾಸ. ಬೇರೆ ಮೇಜರ್‌ಗೆ, ಅಂದ್ರೆ ಬೇರೆ ಮುಖ್ಯ ವಿಷಯಕ್ಕೆ ಸೇರಿ ಆಮೇಲೆ ಸಿಎಸ್‌ಗೆ ಹೋಗ್ತೀನಿ ಅನ್ನೋ ಉಪಾಯ ತುಂಬ ಜನ ಹೇಳ್ಕೊಡ್ತಾರೆ, ದಯವಿಟ್ಟು ಕೇಳ್ಬೇಡಿ, ಬದಲಾಯಿಸೋ ಬಾಗಿಲನ್ನೂ ಇಂಥ ಕಡೆ ಬಿಗಿ ಮಾಡಿಬಿಟ್ಟಿದಾರೆ, ಮಗು ಎರಡು ವರ್ಷ ಬೇಡದ ವಿಷಯ ಓದ್ಕೊಂಡು ಕೂರತ್ತೆ.

ನಿಯಮಗಳೂ ಹೊರಗಿನವರಿಗೆ ಬೇರೆ ಇರತ್ತೆ ಅನ್ನೋದು ಗೊತ್ತಿರ್ಲಿ. ಯುಸಿಲಿ ಕನಿಷ್ಠ ಜಿಪಿಎ ಅವರ ರಾಜ್ಯದವರಿಗೆ 3.0, ನಮಗೆ 3.4. ನಮ್ಮ ಸ್ಕೂಲಿನ ಆನರ್ಸ್ ಅನ್ನೋ ಕಷ್ಟದ ಕ್ಲಾಸಿಗೆ ಅವ್ರು ಎಕ್ಸ್‌ಟ್ರಾ ಪಾಯಿಂಟ್ ಕೊಡಲ್ಲ, ಹೈಸ್ಕೂಲಲ್ಲೇ ಓದೋ ಕಾಲೇಜು ಮಟ್ಟದ ಎಪಿ, ಐಬಿ ಕೋರ್ಸಿಗೆ ಮಾತ್ರ. ಹಾಗಾಗಿ ಸ್ಕೂಲ್ ರಿಪೋರ್ಟಲ್ಲಿರೋ ಜಿಪಿಎ ಹಿಡ್ಕೊಂಡು ಯುಸಿಯ ಸರಾಸರಿಗೆ ಹೋಲಿಸಿದ್ರೆ ಲೆಕ್ಕ ಮೊದಲೇ ತಪ್ಪಿರತ್ತೆ. ಎಸ್‌ಎಟಿ ಅಂತೂ ಅವ್ರು ನೋಡೋದೇ ಇಲ್ಲ, ಜಾರ್ಜಿಯಾ ಟೆಕ್ ಬೇಕೇ ಬೇಕು ಅನ್ನತ್ತೆ. ಇನ್ನು ದುಡ್ಡು. ಯುಸಿಲಿ ಹೊರಗಿನವರು ಕಟ್ಟೋ ಹೆಚ್ಚುವರಿ ಫೀಸೇ ವರ್ಷಕ್ಕೆ 37 ಸಾವಿರ ಡಾಲರ್ ಮೇಲೆ. ಇದನ್ನ ಚಾನ್ಸ್ ಎಷ್ಟು ಅಂತ ಕೇಳೋಕೆ ಮುಂಚೆ ಗಂಡ ಹೆಂಡ್ತಿ ಕೂತು ಮಾತಾಡಿ, ಸಿಕ್ಕಿದ ಮೇಲೆ ಮಗುಗೆ ಬೇಡ ಅನ್ನೋದು ಸಿಗದೇ ಇದ್ದಿದ್ದಕ್ಕಿಂತ ನೋವು.

ವೀಸಾ ವಿಷಯ ಹೇಳ್ಲೇಬೇಕು, ಇಲ್ಲಿ ಕೂತಿರೋರಲ್ಲಿ ಎಷ್ಟೋ ಜನ ಗ್ರೀನ್ ಕಾರ್ಡ್ ಕ್ಯೂನಲ್ಲೇ ಇದೀರಿ. ಎಚ್4 ಮಗುನ, ಅಂದ್ರೆ ಅಪ್ಪ ಅಮ್ಮನ ಕೆಲಸದ ವೀಸಾ ಮೇಲೆ ಇಲ್ಲಿರೋ ಮಗುನ, ಕೆಲವು ಕಡೆ ಇಂಟರ್‌ನ್ಯಾಷನಲ್ ಗುಂಪಿಗೆ ಹಾಕ್ತಾರೆ, ಕೆಲವು ಕಡೆ ಇಲ್ಲೇ ಹೈಸ್ಕೂಲ್ ಓದಿರೋದ್ರಿಂದ ಇಲ್ಲಿನವರ ಜೊತೆನೇ ನೋಡ್ತಾರೆ. ಅಡ್ಮಿಷನ್‌ಗೆ ಒಂದು ಲೆಕ್ಕ, ಫೀಸಿಗೆ ಇನ್ನೊಂದು ಲೆಕ್ಕ ಇರಬಹುದು. ಒಂದೊಂದು ಯೂನಿವರ್ಸಿಟಿಗೂ ಇಮೇಲ್ ಬರೆದು ಉತ್ತರ ಬರವಣಿಗೆಯಲ್ಲಿ ತಗೊಳ್ಳಿ, ಇನ್ನೊಬ್ಬರ ಮಗನಿಗೆ ಹೀಗಾಯ್ತಂತೆ ಅನ್ನೋ ಮಾತಿನ ಮೇಲೆ ಹೋಗ್ಬೇಡಿ.

ಇಷ್ಟೆಲ್ಲ ಆದ್ಮೇಲೆ ನಮ್ಮ ಮಗುಗೆ ಎಷ್ಟು? ಇಲ್ಲಿ ನಿಮ್ಮ ಕೈಲಿರೋ ಒಳ್ಳೆ ಸಾಧನ ನಿಮ್ಮ ಹೈಸ್ಕೂಲಿನ ನೇವಿಯನ್ಸ್ ಅಥವಾ ಸ್ಕಾಯರ್ ಸೈಟಿನ ಗ್ರಾಫ್, ಹಿಂದೆ ಅರ್ಜಿ ಹಾಕಿದ ಒಬ್ಬೊಬ್ಬರ ಮಾರ್ಕ್ಸು, ಸೀಟು ಸಿಕ್ತೋ ಇಲ್ವೋ ಅನ್ನೋದನ್ನ ಒಂದೊಂದು ಚುಕ್ಕಿಯಾಗಿ ತೋರಿಸತ್ತೆ. ಯಾಕಂದ್ರೆ ನಮ್ಮ ಸ್ಕೂಲಿಂದ ಚಾಪೆಲ್ ಹಿಲ್‌ಗೆ ಹಾಕಿದ ಎಲ್ಲರೂ ಹೊರಗಿನವರೇ, ಅಂದ್ರೆ ಒಳಗಿನವರ ಲೆಕ್ಕ ಅದರಲ್ಲಿ ಬೆರೆಯೋದೇ ಇಲ್ಲ. ಆದ್ರೆ ಆ ಚುಕ್ಕಿಗಳಲ್ಲಿ ಈಜು ಟೀಮಿಗೆ ಅಂತಲೇ ಆರಿಸ್ಕೊಂಡೋರು ಇರ್ತಾರೆ, ಬೇರೆ ಮೇಜರ್‌ನವರು ಇರ್ತಾರೆ, ಕೋವಿಡ್‌ಗಿಂತ ಮುಂಚೆಯವರೂ ಇರ್ತಾರೆ. ಎಲ್ಲಕ್ಕಿಂತ ದೊಡ್ಡದು, ಚುಕ್ಕಿ ಕಮ್ಮಿ. ನಮ್ಮ ಮಗು ಥರದ 12 ಮಕ್ಕಳು ಹಾಕಿ ಮೂವರಿಗೆ ಸಿಕ್ಕಿದ್ರೆ 25% ಅಂತ ಬರೆದುಬಿಡ್ತೀವಿ. ಸಂಖ್ಯಾಶಾಸ್ತ್ರದ ಪ್ರಕಾರ ಅಷ್ಟು ಸಣ್ಣ ಸಂಖ್ಯೆ ಇಟ್ಕೊಂಡು ಹೇಳಬಹುದಾದ್ದು ನಿಜವಾದ ದರ 5ರಿಂದ 57ರೊಳಗೆ ಎಲ್ಲೋ ಇದೆ ಅಂತ, ಅಷ್ಟೇ. ಅದಕ್ಕೇ ವೆಬ್‌ಸೈಟು 37% ಅಂತ ತೋರಿಸಿದ್ರೆ ಆ ಏಳನ್ನ ನಂಬಬೇಡಿ. ನಾನು ಮೂರೇ ಮಾತು ಬಳಸ್ತೀನಿ: ಕಷ್ಟ, ಹೇಳಕ್ಕಾಗಲ್ಲ, ಭರವಸೆ ಇದೆ. ಹೊರಗಿನವರ ದರ, ಅದೂ ಆ ಮೇಜರ್‌ದು, 15ರ ಕೆಳಗಿದ್ರೆ ಮಗು ಎಷ್ಟೇ ಚೆನ್ನಾಗಿ ಓದಿದ್ರೂ ನಾನು ಕಷ್ಟ ಅಂತಲೇ ಬರೆಯೋದು. ಅಲ್ಲಿ ಅರ್ಜಿ ಹಾಕೋರೆಲ್ಲ ನಮ್ಮ ಮಗು ಥರದವರೇ.

ಇನ್ನೊಂದು ಲೆಕ್ಕ ತುಂಬ ಅಪಾಯದ್ದು. ಹತ್ತು ಪರ್ಸೆಂಟಿನ ಹತ್ತು ಯೂನಿವರ್ಸಿಟಿಗೆ ಹಾಕಿದ್ರೆ ಒಂದಾದ್ರೂ ಸಿಗತ್ತೆ ಅಂತಾರೆ. ಒಂದಕ್ಕೊಂದು ಸಂಬಂಧ ಇಲ್ದೇ ಇದ್ರೆ ಆಗ್ಲೂ ಅದು 65% ಅಷ್ಟೇ, ಮೂರರಲ್ಲಿ ಒಂದು ಮನೆಗೆ ಏನೂ ಸಿಗಲ್ಲ. ಆದ್ರೆ ಸಂಬಂಧ ಇದೆ, ಅದೇ ಮಾರ್ಕ್ಸ್, ಅದೇ ಚಟುವಟಿಕೆ, ಹೆಚ್ಚೂಕಮ್ಮಿ ಅದೇ ಪ್ರಬಂಧ, ಒಂದು ಕಡೆ ಬೇಡ ಅಂದ ಕಾರಣ ಇನ್ನೊಂದು ಕಡೆನೂ ಇರತ್ತೆ. ಅರ್ಜಿ ಹೆಚ್ಚಿಸಿದಷ್ಟು ಚಾನ್ಸ್ ಹೆಚ್ಚಲ್ಲ.

ನಮ್ಮ ಮನೇದು ಹೇಳ್ತೀನಿ. ದೊಡ್ಡ ಮಗಳಿಗೆ ನಾನೇ ಎಕ್ಸೆಲ್ ಶೀಟ್ ಮಾಡಿದ್ದೆ, ಹೊರರಾಜ್ಯದ ಒಂದು ಯೂನಿವರ್ಸಿಟಿ ಎದುರು 40% ಅಂತ ಬರೆದಿದ್ದೆ, ಒಟ್ಟು ದರ ನೋಡಿ ಹಾಕಿದ ಸಂಖ್ಯೆ ಅದು. ಅವಳು ಆ 40ನ್ನ ಮನಸಲ್ಲಿ ಇಟ್ಕೊಂಡ್ಲು, ಸಿಗಲಿಲ್ಲ ಅಂತ ಬಂದ ದಿನ "ಅಪ್ಪಾ, ನಾನು ಎಲ್ಲಿ ತಪ್ಪು ಮಾಡ್ದೆ" ಅಂದ್ಲು. ಅವಳು ಏನೂ ತಪ್ಪು ಮಾಡಿರ್ಲಿಲ್ಲ, ತಪ್ಪಿದ್ದು ನನ್ನ ಶೀಟಲ್ಲಿ. ಆಮೇಲೆ ಕೂತು ಹೊರಗಿನವರ ದರ ಹುಡುಕಿ ಅವಳ ಮುಂದೇನೇ ಲೆಕ್ಕ ಮಾಡ್ದೆ, ಹತ್ತಕ್ಕಿಂತ ಕಮ್ಮಿ ಬಂತು. ಸುಮಾರು ಹೊತ್ತು ಸುಮ್ನೆ ನೋಡ್ತಿದ್ಲು, ಆಮೇಲೆ ಊಟಕ್ಕೆ ಬಂದ್ಲು. ನಮ್ಮ ನ್ಯೂಜೆರ್ಸಿಯ ಸ್ಟೇಟ್ ಯೂನಿವರ್ಸಿಟಿ ರಟ್ಗರ್ಸ್‌ಗೆ ಹೋದ್ಲು, ಈಗ ಮೂರನೇ ವರ್ಷ, ಪ್ರೊಫೆಸರ್ ಒಬ್ಬರ ಲ್ಯಾಬಲ್ಲಿ ಕೆಲಸ ಮಾಡ್ತಿದಾಳೆ. ಅದಕ್ಕೇ ಪಟ್ಟಿ ಬರೆಯೋವಾಗ ನಮ್ಮ ರಾಜ್ಯದ್ದನ್ನ ಮೊದಲ ಸಾಲಲ್ಲಿ ಬರೀರಿ ಅಂತ ಕೇಳ್ಕೊಳ್ತೀನಿ. ಚಾಪೆಲ್ ಹಿಲ್‌ನಲ್ಲಿ ಅಲ್ಲಿನ ಮಕ್ಕಳಿಗಿರೋ ಅನುಕೂಲ ಇಲ್ಲಿ ನಮ್ಮ ಮಕ್ಕಳಿಗಿದೆ.

ತಾರೀಖು ಒಂದು ಹೇಳಿ ಮುಗಿಸ್ತೀನಿ. ಜಾರ್ಜಿಯಾ ಟೆಕ್ ಅರ್ಲಿ ಆ್ಯಕ್ಷನ್‌ನಲ್ಲಿ, ಅಂದ್ರೆ ಬೇಗ ಅರ್ಜಿ ಹಾಕಿ ಬೇಗ ಉತ್ತರ ಪಡೆಯೋ ದಾರಿಲಿ, ಅಕ್ಟೋಬರ್ ಮಧ್ಯದ ತಾರೀಖು ಆ ರಾಜ್ಯದವರಿಗೆ, ನಮಗೆ ನವೆಂಬರ್ ಶುರುದ್ದು, ಎರಡನ್ನೂ ಕಲಸ್ಕೊಂಡು ಗಾಬರಿ ಬೀಳ್ಬೇಡಿ. ಕಾಫಿ ಬಂದಿದೆ ಅನ್ಸತ್ತೆ. ನಾನು ಹಿಂದಿನ ಟೇಬಲ್ ಹತ್ರ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರ್ತೀನಿ, ನಿಮ್ಮ ಪಟ್ಟಿಲಿರೋ ಹೆಸರುಗಳು ಹೇಳಿ, ಒಂದೊಂದರದ್ದೂ ಸಿ1 ತೆಗೆದು ಒಟ್ಟಿಗೇ ನೋಡೋಣ. ನಾಟಕ ಮುಗಿದಿದ್ರೆ ಮಕ್ಕಳನ್ನೂ ಕರ್ಕೊಂಡು ಬನ್ನಿ, ಆ ಸಂಖ್ಯೆನ ಅವ್ರೇ ಓದಲಿ.