ಘಾಟ್ ಹತ್ತುವ ಮುಂಚೆ ಸೀಟು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಪುಣೆಯಲ್ಲಿ ಇರುವವರಿಗೆ ಇದು ಗೊತ್ತಿರುವ ವಿಷಯವೇ. ಭಾನುವಾರ ಬೆಳಿಗ್ಗೆ ಸಿಂಹಗಡ ಕೋಟೆಯ ದಾರಿಯಲ್ಲಿ ಸೈಕಲ್ಲುಗಳ ಸಾಲೇ ಇರುತ್ತದೆ. ಖಡಕ್‌ವಾಸ್ಲಾ ಅಣೆಕಟ್ಟು ದಾಟಿ, ಡೋಣಜೆ ದಾಟಿ, ಗೋಳೆವಾಡಿಯಿಂದ ಏರು ಶುರುವಾಗುತ್ತದೆ. ಅಲ್ಲಿಂದ ಮೇಲಿನ ತನಕ ಸುಮಾರು 9 ಕಿಲೋಮೀಟರ್. ನಮ್ಮ ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದ್ದರೆ, ಗಡ ಇರುವುದು ಸುಮಾರು 1,300 ಮೀಟರ್ ಎತ್ತರದಲ್ಲಿ. ಹತ್ತುವವರಲ್ಲಿ ನಮ್ಮ ಕನ್ನಡದವರೂ ಬೇಕಾದಷ್ಟು ಜನ. ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಮಾಡುವ ಧಾರವಾಡ, ಹುಬ್ಬಳ್ಳಿಯ ಹುಡುಗ ಹುಡುಗಿಯರು, ವಿಜಯಪುರ, ಕಲಬುರಗಿಯಿಂದ ಬಂದು ನೆಲೆಸಿದವರು, ಹೋಟೆಲ್ ಕೆಲಸಕ್ಕೆ ಬಂದ ಕರಾವಳಿಯವರು.

ಏರು ಹತ್ತಿದರೆ ಸುಸ್ತಾಗುತ್ತದೆ, ಉಸಿರು ಕಟ್ಟುತ್ತದೆ, ತೊಡೆ ಉರಿಯುತ್ತದೆ. ಅದು ಸಹಜ. ಆದರೆ ಮಂಡಿ ನೋಯಬಾರದು. ಕೈ ಜೋಮು ಹಿಡಿಯಬಾರದು. ಮರುದಿನ ಸೊಂಟ ಹಿಡಿದುಕೊಂಡು ಆಫೀಸಿಗೆ ಹೋಗುವ ಹಾಗೆ ಆಗಬಾರದು. ಹಾಗಾದಾಗ ನಾವು ವಯಸ್ಸನ್ನು ಬೈಯುತ್ತೇವೆ, ಇಲ್ಲವೇ ದೊಡ್ಡ ದುಡ್ಡು ಕೊಟ್ಟು ಹೊಸ ಸೈಕಲ್ ತರುತ್ತೇವೆ. ಎಷ್ಟೋ ಸಲ ತೊಂದರೆ ಇರುವುದು ಸೀಟಿನಲ್ಲಿ. ಒಂದು ಅಲೆನ್ ಕೀ, ಇಲ್ಲ ಒಂದು ಪಾನಾ ಇದ್ದರೆ ಮನೆಯಲ್ಲೇ ಸರಿಮಾಡಿಕೊಳ್ಳಬಹುದು. ಇವತ್ತು ಅದನ್ನೇ ಹೇಳುತ್ತೇನೆ.

ಮೊದಲು ಎತ್ತರ. ಇದೊಂದು ಸರಿ ಇಲ್ಲದಿದ್ದರೆ ಮಿಕ್ಕಿದ್ದು ಏನು ಮಾಡಿದರೂ ಉಪಯೋಗವಿಲ್ಲ.

ನಮ್ಮಲ್ಲಿ ಬಹಳ ಜನ ಸೀಟನ್ನು ತೀರಾ ಕೆಳಗೆ ಇಟ್ಟುಕೊಳ್ಳುತ್ತಾರೆ. ಕೂತಲ್ಲಿಂದಲೇ ಎರಡೂ ಕಾಲು ನೆಲಕ್ಕೆ ಊರಬೇಕು ಅಂತ ಆಸೆ. ಚಿಕ್ಕಂದಿನಲ್ಲಿ ಸೈಕಲ್ ಕಲಿತದ್ದೇ ಹಾಗೆ, ಅಂಗಡಿಯವರೂ ಹಾಗೇ ಇಟ್ಟು ಕೊಡುತ್ತಾರೆ. ಲಕ್ಷ್ಮೀ ರೋಡಿನ ಗದ್ದಲದಲ್ಲಿ ಹೇಗೋ ನಡೆದುಹೋಗುತ್ತದೆ. ಘಾಟಿನಲ್ಲಿ ನಡೆಯುವುದಿಲ್ಲ. ಸೀಟು ಕೆಳಗಿದ್ದರೆ ಪೆಡಲ್ ಮೇಲೆ ಬಂದಾಗ ಮಂಡಿ ಜಾಸ್ತಿ ಮಡಚುತ್ತದೆ. ಆ ಮಡಚಿದ ಸ್ಥಿತಿಯಲ್ಲೇ ಬಲ ಹಾಕಿ ತುಳಿಯಬೇಕು. ಮಂಡಿಚಿಪ್ಪು ತೊಡೆಯ ಮೂಳೆಗೆ ಒತ್ತಿಕೊಳ್ಳುತ್ತದೆ. ಸಪಾಟು ರಸ್ತೆಯಲ್ಲಿ ಒತ್ತಡ ಕಡಿಮೆ, ಹಾಗಾಗಿ ಗೊತ್ತಾಗುವುದಿಲ್ಲ. ಏರಿನಲ್ಲಿ ಪ್ರತಿ ಸುತ್ತಿಗೂ ಗೊತ್ತಾಗುತ್ತದೆ. ಅರ್ಧ ಕುಕ್ಕರಗಾಲಿನಲ್ಲಿ ಮೆಟ್ಟಿಲು ಹತ್ತಿದ ಹಾಗೆ.

ಕಾತ್ರಜ್ ಹತ್ತಿರ ಒಬ್ಬ ಹುಡುಗ ಸಿಕ್ಕಿದ್ದ. ಇಂಡಿ ಕಡೆಯವನು, ಇಲ್ಲಿ ಹೋಟೆಲಿನಲ್ಲಿ ಕೆಲಸ. ರಜೆಯ ದಿನ ಹಳೇ ಘಾಟ್ ಹತ್ತುವ ಹುಮ್ಮಸ್ಸು. ತುಳಿಯುವಾಗ ಅವನ ಮಂಡಿ ಹ್ಯಾಂಡಲ್ಲಿಗೆ ತಾಗುವ ಹಾಗಿತ್ತು. ಸೀಟು ಎತ್ತರಿಸು ಅಂದೆ. ಅವನು ಕೇಳಿದ: “ಅಣ್ಣಾರ, ಕಾಲು ನೆಲಕ್ಕ ಹತ್ತಲಿಲ್ಲಂದ್ರ ಬೀಳ್ತೀನಲ್ರೀ?” ಅವನ ಪ್ರಶ್ನೆ ನ್ಯಾಯವಾದದ್ದು. ಎಲ್ಲರಿಗೂ ಇರುವ ಹೆದರಿಕೆಯೇ ಅದು. ಉತ್ತರ ಇಷ್ಟೇ. ನಿಲ್ಲಿಸುವಾಗ ಸೀಟಿನ ಮೇಲೆ ಕೂತಿರಬೇಡಿ. ಬ್ರೇಕ್ ಹಿಡಿದು, ಒಂದು ಪೆಡಲ್ ಕೆಳಗೆ ತಂದು ಅದರ ಮೇಲೆ ನಿಂತು, ಸೀಟಿನಿಂದ ಮುಂದಕ್ಕೆ ಜಾರಿ, ಇನ್ನೊಂದು ಕಾಲನ್ನು ನೆಲಕ್ಕೆ ಇಡಿ. ಹೊರಡುವಾಗಲೂ ಹಾಗೆಯೇ. ಪೆಡಲ್ ಮೇಲೆ ನಿಂತು ಹೊರಡಿ, ಆಮೇಲೆ ಕೂತುಕೊಳ್ಳಿ. ಖಾಲಿ ಮೈದಾನದಲ್ಲಿ ಸ್ವಲ್ಪ ಹೊತ್ತು ಅಭ್ಯಾಸ ಮಾಡಿದರೆ ಬಂದುಬಿಡುತ್ತದೆ. ಆ ಹುಡುಗನಿಗೆ ರಸ್ತೆ ಬದಿಯಲ್ಲೇ ಬಂತು.

ಈಗ ಎತ್ತರ ನೋಡುವುದು ಹೇಗೆ? ಸೈಕಲ್ಲನ್ನು ಗೋಡೆ ಪಕ್ಕ ನಿಲ್ಲಿಸಿ. ಓಡಿಸುವಾಗ ಹಾಕುವ ಶೂ ಹಾಕಿಕೊಳ್ಳಿ. ಒಂದು ಕೈ ಗೋಡೆಗೆ ಇಟ್ಟು ಸೀಟಿನ ಮೇಲೆ ಸರಿಯಾಗಿ ಕೂತುಕೊಳ್ಳಿ. ಹಿಮ್ಮಡಿಯನ್ನು ಪೆಡಲ್ ಮೇಲೆ ಇಟ್ಟು ಹಿಂದಕ್ಕೆ ತಿರುಗಿಸಿ. ಪೆಡಲ್ ಅತಿ ಕೆಳಗೆ ಬಂದಾಗ ಕಾಲು ನೇರ ಆಗಬೇಕು, ಆದರೆ ಸೊಂಟ ಆ ಕಡೆಗೆ ವಾಲಬಾರದು. ಈಗ ಹಿಮ್ಮಡಿ ತೆಗೆದು, ಹೆಬ್ಬೆರಳಿನ ಬುಡದ ದಪ್ಪ ಭಾಗವನ್ನು ಪೆಡಲ್ ಮೇಲೆ ಇಡಿ. ಮಂಡಿ ತಾನಾಗಿ ಸ್ವಲ್ಪ ಬಾಗುತ್ತದೆ. ನಮಗೆ ಬೇಕಾದದ್ದು ಆ ಬಾಗು. ತಜ್ಞರು ಅಳತೆ ಮಾಡುವಾಗ 25ರಿಂದ 35 ಡಿಗ್ರಿ ಬಾಗು ಇರಬೇಕು ಅನ್ನುತ್ತಾರೆ.

ಮನೆಯವರಲ್ಲಿ ಒಬ್ಬರನ್ನು ಕರೆದು ಹಿಂದೆ ನಿಲ್ಲಿಸಿ. ನೀವು ಸೊಸೈಟಿಯ ಅಂಗಳದಲ್ಲಿ ನಿಧಾನಕ್ಕೆ ಓಡಿಸಿ, ಅವರು ನಿಮ್ಮ ಪ್ಯಾಂಟಿನ ಸೊಂಟಪಟ್ಟಿ ನೋಡಲಿ. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡುತ್ತಿದ್ದರೆ ಸೀಟು ಜಾಸ್ತಿ ಎತ್ತರ ಆಗಿದೆ. ಸ್ವಲ್ಪ ಇಳಿಸಿ. ಪಟ್ಟಿ ಅಲ್ಲಾಡದೆ ಇದ್ದರೆ ಸರಿಯಾಗಿದೆ.

ಲೆಕ್ಕ ಇಷ್ಟಪಡುವವರಿಗೆ ಇನ್ನೊಂದು ದಾರಿ ಇದೆ. 1986, 1989, 1990ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಅವರ ಹೆಸರಿನಲ್ಲಿ ಓಡಾಡುವ ಲೆಕ್ಕ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ದಪ್ಪ ಪುಸ್ತಕವನ್ನು ಎರಡು ತೊಡೆಗಳ ನಡುವೆ ಗಟ್ಟಿಯಾಗಿ ಮೇಲಕ್ಕೆ ಒತ್ತಿ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿನ ತನಕ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. ಅಳತೆ 78 ಸೆಂಟಿಮೀಟರ್ ಬಂದರೆ ಲೆಕ್ಕ ಸುಮಾರು 69 ಬರುತ್ತದೆ. ಪೆಡಲ್‌ಗಳು ಸುತ್ತುವ ಅಚ್ಚಿನ ನಡುವಿನಿಂದ ಸೀಟಿನ ಮೇಲಿನ ತನಕ ಅಷ್ಟು ದೂರ ಇರಬೇಕು. ಇದರಿಂದ ಶುರು ಮಾಡಬಹುದು, ಕೊನೆಯ ಮಾತು ನಿಮ್ಮ ಕಾಲಿನದ್ದೇ.

ಸೀಟು ಈಗ ತೀರಾ ಕೆಳಗಿದ್ದರೆ ಒಂದೇ ದಿನದಲ್ಲಿ ಎತ್ತರಿಸಬೇಡಿ. ಅರ್ಧ ಸೆಂಟಿಮೀಟರ್ ಏರಿಸಿ, ಕೆಲವು ದಿನ ಓಡಿಸಿ, ಮತ್ತೆ ಅರ್ಧ ಏರಿಸಿ. ಸ್ನಾಯುಗಳಿಗೆ ಹೊಂದಿಕೊಳ್ಳಲು ಸಮಯ ಬೇಕು. ಪ್ರತಿ ಸಲವೂ ಸೀಟಿನ ಕಂಬಕ್ಕೆ ಕರೆಂಟಿನವರ ಕಪ್ಪು ಟೇಪ್ ಸುತ್ತಿ ಗುರುತು ಮಾಡಿ. ಆಗ ಎಲ್ಲಿದ್ದೆ, ಎಲ್ಲಿಗೆ ಬಂದೆ ಅನ್ನುವುದು ತಿಳಿಯುತ್ತದೆ.

ಇಷ್ಟರ ತನಕ ಹೇಳಿದ್ದು ಎಲ್ಲ ರಸ್ತೆಗೂ ಅನ್ವಯಿಸುತ್ತದೆ. ಏರಿನಲ್ಲಿ ಬೇರೆಯೇ ಒಂದು ಸಂಗತಿ ನಡೆಯುತ್ತದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

100 ಮೀಟರ್ ಹೋದರೆ 10 ಮೀಟರ್ ಮೇಲಕ್ಕೆ ಹೋಗುವ ಕಡಿದಾದ ತಿರುವು ಇದೆ ಅಂದುಕೊಳ್ಳಿ. ಅಲ್ಲಿ ನಿಮ್ಮ ಸೈಕಲ್ ಹಿಂದಕ್ಕೆ ಸುಮಾರು 6 ಡಿಗ್ರಿ ವಾಲಿರುತ್ತದೆ. ಕೇಳುವಾಗ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಸೀಟು ಪೆಡಲಿನ ಅಚ್ಚಿನಿಂದ 70 ಸೆಂಟಿಮೀಟರ್ ಮೇಲಿದೆ. ಕೆಳಗೆ 6 ಡಿಗ್ರಿ ವಾಲಿದರೆ ಮೇಲೆ ಸೀಟು ಸುಮಾರು 7 ಸೆಂಟಿಮೀಟರ್ ಹಿಂದಕ್ಕೆ ಹೋದ ಹಾಗೆ ಆಗುತ್ತದೆ. ಮನೆಯ ಅಂಗಳದಲ್ಲಿ ಸಮವಾಗಿದ್ದ ಸೀಟಿನ ಮೂತಿಯೂ, ಅಂದರೆ ಮುಂದಿನ ಚೂಪು ತುದಿಯೂ, ಅಷ್ಟೇ ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತದೆ. ಭಾರವೆಲ್ಲ ಹಿಂದಿನ ಗಾಲಿಗೆ. ಮುಂದಿನ ಗಾಲಿ ಹಗುರವಾಗಿ ಅತ್ತಿತ್ತ ಅಲೆಯುತ್ತದೆ. ನೀವು ಹಿಂದಕ್ಕೆ ಜಾರುತ್ತೀರಿ, ಜಾರದಿರಲು ಹ್ಯಾಂಡಲ್ ಹಿಡಿದು ಎಳೆಯುತ್ತೀರಿ. ತೋಳು, ಹೆಗಲು, ಸೊಂಟ ಎಲ್ಲ ಬಿಗಿಯಾಗುವುದು ಹೀಗೆ. ಕಾಲಿಗೆ ಹೋಗಬೇಕಾದ ಶಕ್ತಿ ಕೂತುಕೊಳ್ಳುವುದಕ್ಕೇ ಖರ್ಚಾಗುತ್ತದೆ.

ಇದಕ್ಕೆ ಸೀಟಿನಲ್ಲಿ ಮಾಡಬಹುದಾದದ್ದು ಎರಡು. ಒಂದು, ಮೂತಿಯನ್ನು ಸ್ವಲ್ಪ ತಗ್ಗಿಸುವುದು. ಸೀಟಿನ ಮೇಲೆ ಒಂದು ಗಟ್ಟಿ ರಟ್ಟಿನ ಪುಸ್ತಕ ಇಟ್ಟು, ಅದರ ಮೇಲೆ ಮೊಬೈಲಿನ ಮಟ್ಟಗೋಲು ಆ್ಯಪ್ ತೆರೆದು ನೋಡಿ. ಸೈಕಲ್ ಸಪಾಟು ನೆಲದಲ್ಲಿ ಇರಬೇಕು. ಎರಡು ಮೂರು ಡಿಗ್ರಿ ತಗ್ಗಿಸಿದರೆ ಸಾಕು. 1999ರಲ್ಲಿ ಇಸ್ರೇಲಿನ ವೈದ್ಯರು ಸೊಂಟನೋವಿದ್ದ ಸೈಕಲ್ ಸವಾರರ ಸೀಟಿನ ಮೂತಿಯನ್ನು 10ರಿಂದ 15 ಡಿಗ್ರಿ ತಗ್ಗಿಸಿ ನೋಡಿದರು. ಹೆಚ್ಚಿನವರಿಗೆ ನೋವು ಕಡಿಮೆಯಾಯಿತು. ಹಾಗಂತ ನಾವು ಅಷ್ಟು ತಗ್ಗಿಸಬೇಕಾಗಿಲ್ಲ. ಗಡಕ್ಕೆ ಹೋಗುವಾಗ ಖಡಕ್‌ವಾಸ್ಲಾ ತನಕ ಹೆಚ್ಚಾಗಿ ಸಪಾಟು ರಸ್ತೆಯೇ ಇದೆ. ಅಲ್ಲಿ ಮುಂದಕ್ಕೆ ಜಾರಿ ಜಾರಿ ಕೈ ಮೇಲೆ ಭಾರ ಬೀಳುತ್ತದೆ. ರೇಸಿನವರಿಗೂ ಒಂದು ಮಿತಿ ಇದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಲ್ಲಿ 9 ಡಿಗ್ರಿ ತನಕ ಮಾತ್ರ ವಾಲಿಸಬಹುದು.

ಇನ್ನೊಂದು, ಸೀಟನ್ನು ಅದರ ಕೆಳಗಿನ ಕಂಬಿಗಳ ಮೇಲೆ ಅರ್ಧ ಸೆಂಟಿಮೀಟರಿನಷ್ಟು ಮುಂದಕ್ಕೆ ತರುವುದು. ವಾರದಲ್ಲಿ ಒಂದೇ ಸಲ ಘಾಟ್ ಹತ್ತುವವರಿಗೆ ಇದೂ ಬೇಡ. ದಿನಾ ಏರಿನಲ್ಲೇ ಓಡಾಡುವವರು, ಬಾವಧನ್ ಕಡೆಯವರು, ಕೋಂಢವಾದಿಂದ ಬೋಪದೇವ್ ಘಾಟ್ ಹತ್ತಿ ಸಾಸವಡ್ ಕಡೆ ಹೋಗುವವರು ಮಾಡಿ ನೋಡಬಹುದು. ಮುಂದಕ್ಕೆ ತಂದಾಗ ಸೀಟು ಪೆಡಲಿಗೂ ಹತ್ತಿರ ಬರುತ್ತದೆ. ಒಂದು ಸೆಂಟಿಮೀಟರ್ ಮುಂದೆ ತಂದರೆ ಸುಮಾರು 3 ಮಿಲಿಮೀಟರ್ ಮೇಲೆ ಏರಿಸಬೇಕು. ಇದನ್ನು ಮರೆತರೆ ಮಂಡಿ ನೋವು ಮತ್ತೆ ಶುರು.

ಲೆಕ್ಕ ನೋಡಿ. ಏರು ನಮ್ಮನ್ನು 7 ಸೆಂಟಿಮೀಟರ್ ಹಿಂದಕ್ಕೆ ತಳ್ಳುತ್ತದೆ, ಸೀಟನ್ನು ನಾವು ಮುಂದಕ್ಕೆ ತರಲು ಆಗುವುದು ಅರ್ಧ, ಹೆಚ್ಚೆಂದರೆ ಒಂದು ಸೆಂಟಿಮೀಟರ್. ಮಿಕ್ಕಿದ್ದನ್ನು ಮೈಯೇ ಮಾಡಬೇಕು. ನಾನು ಎಲ್ಲರಿಗೂ ಒತ್ತಿ ಹೇಳುವುದು ಇದನ್ನೇ. ಸೀಟನ್ನು ಒಂದು ಸಲ ಸರಿಯಾಗಿ ಕೂರಿಸಿ ಬಿಟ್ಟುಬಿಡಿ, ಏರಿಗೆ ತಕ್ಕ ಹಾಗೆ ಸೀಟಿನ ಮೇಲೆ ನೀವು ಜಾಗ ಬದಲಿಸಿ. ಏರು ಹದವಾಗಿದ್ದಾಗ ಸೀಟಿನ ಹಿಂಭಾಗಕ್ಕೆ ಸರಿದು ಕೂತುಕೊಳ್ಳಿ. ಸೊಂಟದ ಹಿಂದಿನ ದೊಡ್ಡ ಸ್ನಾಯುಗಳು ಕೆಲಸಕ್ಕೆ ಬರುತ್ತವೆ, ತೊಡೆಗೆ ಸ್ವಲ್ಪ ವಿಶ್ರಾಂತಿ. ಕಡಿದಾದಾಗ ಮೂತಿಯ ಕಡೆಗೆ ಬನ್ನಿ. ಮೊಣಕೈ ಮಡಚಿ, ಎದೆ ತಗ್ಗಿಸಿ. ಮುಂದಿನ ಗಾಲಿ ತಕ್ಷಣ ನೆಲ ಹಿಡಿಯುತ್ತದೆ. ಕೂತು ಕೂತು ಬೇಸರವಾದರೆ ಎದ್ದು ನಿಂತು ನಾಲ್ಕು ಸುತ್ತು ತುಳಿಯಿರಿ. ಏಳುವ ಮುಂಚೆ ಗೇರ್ ಒಂದು ಹೆಜ್ಜೆ ಬಿಗಿ ಮಾಡಿಕೊಂಡರೆ ಕಾಲು ಸುಮ್ನೆ ಜಾರಿದಂತೆ ಆಗುವುದಿಲ್ಲ. ಗೇರಿಲ್ಲದ ಸೈಕಲ್ ಆದರೆ ಕಡಿದಾದ ಕಡೆ ಇಳಿದು ತಳ್ಳಿ. ಅದರಲ್ಲಿ ಅವಮಾನ ಏನೂ ಇಲ್ಲ, ಮಂಡಿ ಉಳಿಯುತ್ತದೆ.

ಇದನ್ನೆಲ್ಲ ಮೊದಲ ಸಲವೇ ಸಿಂಹಗಡದಲ್ಲಿ ಮಾಡಲು ಹೋಗಬೇಡಿ. ಕಾತ್ರಜ್‌ನ ಹಳೇ ಸುರಂಗದ ತನಕ ಏರು ಮೆತ್ತಗಿದೆ. ಅಲ್ಲಿ ಮುಂದೆ ಹಿಂದೆ ಸರಿದು ನೋಡಿ ಕಲಿಯುವುದು ಒಳ್ಳೆಯದು. ದಿವೆ ಘಾಟಿನಲ್ಲಿ ಲಾರಿಗಳ ಓಡಾಟ ಜಾಸ್ತಿ, ಕಲಿಯುವವರಿಗೆ ಬೇಡ.

ಇಳಿಯುವಾಗ? ಡಾಂಬರು ರಸ್ತೆಯಲ್ಲಿ ಸೀಟು ಮುಟ್ಟುವುದು ಬೇಕಿಲ್ಲ. ಸೊಂಟವನ್ನು ಹಿಂದಕ್ಕೆ ಸರಿಸಿ, ನೇರ ರಸ್ತೆಯಲ್ಲಿ ಎರಡೂ ಪೆಡಲ್ ಸಮ ಎತ್ತರದಲ್ಲಿ ಇಟ್ಟು ಇಳಿಯಿರಿ. ಕಲ್ಲು ಮಣ್ಣಿನ ಗುಡ್ಡದ ಇಳಿಜಾರಿನಲ್ಲಿ ಮಾತ್ರ ಸೀಟು ತಗ್ಗಿಸಿದರೆ ಅನುಕೂಲ. ಕ್ಯಾಲಿಫೋರ್ನಿಯಾದ ಜೋ ಬ್ರೀಜ್ 1980ರ ದಶಕದಲ್ಲೇ ಇದಕ್ಕೊಂದು ಸ್ಪ್ರಿಂಗ್ ಮಾಡಿದ್ದರು. ಈಗ ಹ್ಯಾಂಡಲ್ ಮೇಲಿನ ಗುಂಡಿ ಒತ್ತಿದರೆ ಇಳಿಯುವ ಸೀಟಿನ ಕಂಬಗಳೇ ಬಂದಿವೆ. 2022ರ ಮಿಲಾನ್–ಸಾನ್ ರೆಮೊ ರೇಸಿನಲ್ಲಿ ಸ್ಲೊವೇನಿಯಾದ ಮಾತೆಯ್ ಮೊಹೊರಿಚ್ ಅಂಥ ಕಂಬ ಹಾಕಿಕೊಂಡು, ಪೊಜ್ಜೊ ಗುಡ್ಡ ಇಳಿಯುವಾಗ ಎಲ್ಲರನ್ನೂ ಹಿಂದಿಕ್ಕಿ ಗೆದ್ದರು.

ಕೊನೆಗೆ ಸುರಕ್ಷತೆಯ ವಿಷಯ. ಸೀಟಿನ ಕಂಬದ ಮೇಲೆ ಒಂದು ಗೆರೆ ಕೆತ್ತಿರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಕಂಬವನ್ನು ಎಳೆಯಲೇಬಾರದು. ಕಂಬ ಮುರಿಯಬಹುದು, ಫ್ರೇಮು ಸೀಳಬಹುದು. ಎತ್ತರ ಸಾಲದಿದ್ದರೆ ಉದ್ದದ ಕಂಬ ಹಾಕಿಸಿ, ಇಲ್ಲ ಸೈಕಲ್ ನಿಮ್ಮ ಅಳತೆಯದ್ದಲ್ಲ. ಹಳೇ ಕಾಲದ ಕಪ್ಪು ಸೈಕಲ್ಲಿನಲ್ಲಿ ಸೀಟಿನ ಕೆಳಗಿನ ಕ್ಲಿಪ್ಪಿನ ಹಲ್ಲು ಸವೆದಿದ್ದರೆ ಎಷ್ಟು ಬಿಗಿ ಮಾಡಿದರೂ ಮೂತಿ ಮೇಲೆ ಏಳುತ್ತಲೇ ಇರುತ್ತದೆ. ಕ್ಲಿಪ್ ಬದಲಿಸಿ. ಮಳೆಗಾಲ ಮುಗಿದ ಮೇಲೆ ಕಂಬವನ್ನು ಪೂರ್ತಿ ಹೊರಗೆ ತೆಗೆದು ಒರೆಸಿ, ಗ್ರೀಸ್ ಹಚ್ಚಿ. ಇಲ್ಲದಿದ್ದರೆ ತುಕ್ಕು ಹಿಡಿದು ಜಾಮ್ ಆಗುತ್ತದೆ. ಕಾರ್ಬನ್ ಕಂಬಕ್ಕೆ ಗ್ರೀಸ್ ಹಚ್ಚಬೇಡಿ, ಅದರ ಮೇಲೆ ಬರೆದಿರುವುದಕ್ಕಿಂತ ಜಾಸ್ತಿ ಬಿಗಿ ಮಾಡಬೇಡಿ.

ಗಡದ ಮೇಲೆ ತಲುಪಿ, ಪಿಠಲಾ ಭಾಕ್ರಿ, ಮಡಕೆ ಮೊಸರು ತಿನ್ನಲು ಕೂತಾಗ ಎಲ್ಲಿ ನೋಯುತ್ತಿದೆ ಅಂತ ಗಮನಿಸಿ. ಮಂಡಿಯ ಮುಂದೆ ನೋವಿದ್ದರೆ ಸೀಟು ಕೆಳಗಿದೆ, ಇಲ್ಲವೇ ಜಾಸ್ತಿ ಮುಂದಿದೆ. ಮಂಡಿಯ ಹಿಂದೆ ಎಳೆಯುತ್ತಿದ್ದರೆ ಎತ್ತರ ಜಾಸ್ತಿ. ಅಂಗೈ ಜೋಮು ಹಿಡಿದರೆ ಮೂತಿ ತೀರಾ ತಗ್ಗಿದೆ. ಕೂರುವ ಜಾಗ ಜೋಮು ಹಿಡಿದರೆ ಮೂತಿ ಮೇಲಿದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಎರಡು ಮೂರು ಮಿಲಿಮೀಟರ್ ಸಾಕು. ಸುಮ್ನೆ ಕೂತಿದ್ದಾಗಲೂ ಮಂಡಿ ನೋಯುತ್ತಿದ್ದರೆ, ಊದಿಕೊಂಡಿದ್ದರೆ ಅದು ಸೀಟಿನ ವಿಷಯ ಅಲ್ಲ, ಡಾಕ್ಟರಿಗೆ ತೋರಿಸಿ. ಇಳಿಯಲು ಹೊರಡುವ ಮುಂಚೆ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಅಲ್ಲಾಡಿದರೆ ಬೋಲ್ಟ್ ಬಿಗಿ ಮಾಡಿಕೊಂಡೇ ಹೊರಡಿ.

ನಮಸ್ಕಾರ.